ಗುಡಿಸಿದ ನೆಲ

ನಾವು ಚಿಕ್ಕವರಿದ್ದಾಗ ರಜೆಯಲ್ಲಿ ಎಲ್ಲಿಗೆ ಹೋದರೂ ಅದು ಯಾರದೋ ಮನೆಯೇ ಆಗಿರುತ್ತಿತ್ತು. ಅಮ್ಮನ ತವರು, ಸೋದರತ್ತೆಯ ಮನೆ, ಅಪರೂಪಕ್ಕೆ ಅಪ್ಪನ ಸ್ನೇಹಿತರ ಮನೆ. ಬಾಗಿಲಿಗೆ ಹೋದ ಕೂಡಲೇ ಕಾಲಿಗೆ ನೀರು ಕೊಡುತ್ತಿದ್ದರು, ಒಳಗೆ ಕರೆದು ಚಾಪೆ ಹಾಸುತ್ತಿದ್ದರು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ "ಒಂದು ಗಂಟೆಗೆ ಬನ್ನಿ" ಎನ್ನುವ ಜಾಗವೂ ಉಂಟೆಂದು ನನಗೆ ಗೊತ್ತಾದದ್ದು ಐದನೇ ತರಗತಿ ಮುಗಿದ ಬೇಸಿಗೆಯಲ್ಲಿ. ಆ ದಿನದ ಒಂಬತ್ತೂವರೆಯಿಂದ ನಾಲ್ಕು ಗಂಟೆಯವರೆಗೆ ನಡೆದದ್ದು ನನ್ನ ಕಣ್ಣಿಗೆ ಇಂದಿಗೂ ಕಟ್ಟಿದ ಹಾಗಿದೆ. ನಾನು ಕಂಡದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ನಮ್ಮೂರು ದಬ್ಬೇಘಟ್ಟದ ಹತ್ತಿರ. ಅಪ್ಪನಿಗೆ ತುರುವೇಕೆರೆಯಲ್ಲಿ ಟೈಲರಿಂಗ್ ಅಂಗಡಿ ಇತ್ತು. ಆ ವರ್ಷ ಮಾಯಸಂದ್ರದ ಆಚೆ ಯಾರೋ ತಮ್ಮ ತೆಂಗಿನ ತೋಟದೊಳಗೇ ರೆಸಾರ್ಟ್ ಮಾಡಿದರು. ಎಂಟು ಕೋಣೆ, ನಡುವೆ ಹುಲ್ಲುಹಾಸು, ಒಂದು ಈಜುಕೊಳ. ಅಲ್ಲಿನ ಪರದೆ, ಹಾಸಿಗೆ ಹೊದಿಕೆ, ದಿಂಬಿನ ಕವರುಗಳನ್ನೆಲ್ಲ ಹೊಲಿದುಕೊಟ್ಟವನು ನಮ್ಮಪ್ಪ. ಎರಡು ತಿಂಗಳು ನಮ್ಮ ಮನೆಯ ನಡುಮನೆ ತುಂಬ ಬಿಳಿ ಬಟ್ಟೆಯ ಥಾನುಗಳು, ಹೊಸ ಬಟ್ಟೆಯ ಗಂಜಿ ವಾಸನೆ. ಕೆಲಸ ಚೆನ್ನಾಗಿ ಬಂತೆಂದು ಅಲ್ಲಿನ ಮ್ಯಾನೇಜರು, "ಒಂದು ದಿನ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ, ಇದ್ದು ಹೋಗಿ" ಎಂದು ಅಪ್ಪನನ್ನು ಕರೆದರು.

ಅಜ್ಜಿಗೆ ಇದು ಅರ್ಥವೇ ಆಗಲಿಲ್ಲ. "ನಮ್ ತೋಟ ಬುಟ್ಟು ಇನ್ನೊಬ್ಬರ ತೋಟದಲ್ಲಿ ಮಲಗಾಕೆ ಬಸ್ಸು ಹತ್ತಬೇಕೇನ್ಲಾ?" ಎಂದಳು.

"ತೋಟ ನೋಡಾಕಲ್ಲ ಕಣವ್ವ," ಎಂದ ಅಪ್ಪ. "ನಾನು ಹೊಲ್ದಿರೋ ದಿಂಬಿನ ಮೇಲೆ ನೀನು ಒಂದ್ಸಲ ತಲೆ ಇಡಬೇಕು. ಹಗಲೊತ್ತು. ಅಷ್ಟೆಯ."

ಅಪ್ಪನ ಈ ಮಾತಿಗೆ ಕಾರಣವಿತ್ತು. ಅಜ್ಜಿ ಹಗಲು ಮಲಗಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಜ್ವರ ಬಂದರೂ ಗೋಡೆಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದಳು. ರಾತ್ರಿ ಮಲಗುವಾಗಲೂ ಮೊಣಕೈ ಮಡಿಸಿ ತಲೆಗೆ ಕೊಟ್ಟುಕೊಳ್ಳುತ್ತಿದ್ದಳೇ ಹೊರತು ದಿಂಬು ಮುಟ್ಟುತ್ತಿರಲಿಲ್ಲ. ಊರವರಿಗೆಲ್ಲ ದಿಂಬಿನ ಕವರು ಹೊಲಿದ ಮಗನಿಗೆ ಅದೊಂದು ಕೊರತೆಯಾಗಿ ಕಾಡಿತ್ತೇನೋ. ಎರಡು ವಾರ ಅವಳ ಹಿಂದೆ ಬಿದ್ದು ಒಪ್ಪಿಸಿದ.

ಹೊರಟದ್ದು ಶನಿವಾರ. ಶನಿವಾರ ಒಂಬತ್ತಕ್ಕೆ ರಾಹುಕಾಲ, ಅದಕ್ಕೆ ಮೊದಲು ಹೊಸಿಲು ದಾಟಬೇಕೆಂದು ಅಜ್ಜಿ ಏಳಕ್ಕೇ ನಮ್ಮನ್ನೆಲ್ಲ ಹೊರಡಿಸಿದಳು. ಅಪ್ಪ, ಅಮ್ಮ, ಅಜ್ಜಿ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ಸವಿತ. ತುರುವೇಕೆರೆಗೆ ಒಂದು ಬಸ್ಸು, ಮಾಯಸಂದ್ರಕ್ಕೆ ಇನ್ನೊಂದು, ಅಲ್ಲಿಂದ ಆಟೋ. ಅಮ್ಮನ ಕೈಯಲ್ಲಿ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್. ಅದರಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲಿನ ಡಬ್ಬಿಯಲ್ಲಿ ಹುರಿಗಡಲೆ, ಬೆಲ್ಲ, ಕೊಬ್ಬರಿ ಚೂರು. ಅಜ್ಜಿಯ ಕೈಚೀಲದಲ್ಲಿ ಸುಲಿದ ಆರು ತೆಂಗಿನಕಾಯಿ. ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದಲ್ಲ.

ರೆಸಾರ್ಟಿನ ಬಾಗಿಲಲ್ಲಿ ಮೇಜಿನ ಹಿಂದೆ ಒಬ್ಬಳು ಹುಡುಗಿ ಕೂತಿದ್ದಳು. ಅವಳ ತಲೆಯ ಮೇಲಿನ ದೊಡ್ಡ ಗಡಿಯಾರದಲ್ಲಿ ಒಂಬತ್ತು ಮೂವತ್ತೈದು.

"ಚೆಕ್-ಇನ್ ಒಂದು ಗಂಟೆಗೆ ಸರ್," ಎಂದಳು ಅಪ್ಪನಿಗೆ. "ನಿಮ್ಮ ರೂಮಲ್ಲಿ ನಿನ್ನೆಯ ಗೆಸ್ಟ್ ಇನ್ನೂ ಇದ್ದಾರೆ. ಅವರು ಹೋದ ಮೇಲೆ ಕ್ಲೀನ್ ಮಾಡಿಸಿ ಕೊಡ್ತೀವಿ."

ಅಪ್ಪನ ಮುಖ ಸಪ್ಪಗಾಯಿತು. ಅಜ್ಜಿಗೆ ಮಾತ್ರ ಏನೂ ಅನ್ನಿಸಲಿಲ್ಲ. "ನೆಂಟ್ರು ಇನ್ನೂ ಎದ್ದಿಲ್ವಾ? ಪಾಪ, ಎಬ್ಬಿಸಬ್ಯಾಡ ಬುಡವ್ವ," ಎಂದು ಕೈಚೀಲವನ್ನು ಮೇಜಿನ ಮೇಲಿಟ್ಟಳು. "ಇದು ಮನೆಯೋರಿಗೆ ಕೊಡು. ನಮ್ ತೋಟದ್ದು."

ಆ ಹುಡುಗಿ ಅದನ್ನು ನಮ್ಮ ಲಗೇಜು ಎಂದುಕೊಂಡಳು. ಒಂದು ಚೀಟಿ ಬರೆದು ಚೀಲದ ಹಿಡಿಗೆ ಕಟ್ಟಿ, ಇನ್ನೊಂದು ಚೀಟಿಯನ್ನು ಅಜ್ಜಿಯ ಕೈಗೆ ಕೊಟ್ಟು, ಚೀಲವನ್ನು ಬೇರೆಯವರ ಸೂಟ್‌ಕೇಸುಗಳ ಪಕ್ಕ ಇಟ್ಟಳು. ಅಜ್ಜಿ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾಯಿಗೂ ನಂಬರ್ ಕೊಡ್ತಾರೆ ಕಣೇ ಇಲ್ಲಿ," ಎಂದು ನನ್ನ ಕಿವಿಯಲ್ಲಿ ಹೇಳಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಮೂರೂವರೆ ಗಂಟೆ ಕಳೆಯಬೇಕಿತ್ತು. ನಾವು ಮೊದಲು ಈಜುಕೊಳ ನೋಡಿದೆವು. ನೀರು ತಿಳಿನೀಲಿಯಾಗಿತ್ತು, ಔಷಧಿಯ ವಾಸನೆ ಬರುತ್ತಿತ್ತು. ಸವಿತ ಒಂದು ಬೆರಳು ಅದ್ದಿ ಮೂಸಿದಳು. ಆಮೇಲೆ ಅಪ್ಪ ಕೋಣೆಗಳ ಸಾಲಿನ ಮುಂದೆ ನಡೆಯುತ್ತ ಒಂದೊಂದು ಕಿಟಕಿಯ ಹತ್ತಿರವೂ ನಿಂತು, "ಇದು ನೋಡೇ, ಮಡಿಕೆ ಎಷ್ಟು ಸಮ ಬಿದ್ದೈತೆ," ಎಂದು ಅಮ್ಮನಿಗೆ ಪರದೆ ತೋರಿಸತೊಡಗಿದ.

"ಒಳಗೆ ಜನ ಅವ್ರೆ. ಇಣುಕಬ್ಯಾಡ್ರೀ, ಬಡಿದಾರು!" ಎಂದು ಅಮ್ಮ ಅವನ ಅಂಗಿಯ ತೋಳು ಹಿಡಿದು ಎಳೆದಳು.

ನಾನು ಎರಡು ಸಲ ಓಡಿಹೋಗಿ ಗಡಿಯಾರ ನೋಡಿ ಬಂದೆ. ಎರಡನೇ ಸಲ ಹತ್ತು ಹತ್ತಾಗಿತ್ತು. ಹೊಟ್ಟೆ ಹಸಿಯುತ್ತಿತ್ತು. ಬುತ್ತಿ ಬಿಚ್ಚಲು ಒಂದು ನೆರಳು ಬೇಕಿತ್ತು. ಅಲ್ಲಿ ನೆರಳೆಂದರೆ ತೆಂಗಿನ ನೆರಳೇ.

ತೆಂಗಿನ ಮರಕ್ಕೆ ಕಣ್ಣಿದೆ, ಅದು ಮನುಷ್ಯರ ಮೇಲೆ ಕಾಯಿ ಹಾಕುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಅಜ್ಜಿ ಆ ಮಾತು ಹೇಳುತ್ತಿದ್ದಳಾದರೂ ಅದನ್ನು ನಂಬಿ ಕೂತವಳಲ್ಲ. ಅವಳು ನೆಲ ನೋಡುತ್ತಿದ್ದಳು. ನಮ್ಮ ತೋಟದಲ್ಲಿ ಬುತ್ತಿ ಬಿಚ್ಚುವ ಮೊದಲು ಮರದ ಬುಡದ ಸುತ್ತ ಒಂದು ಸುತ್ತು ಹಾಕುವಳು. ಇಲಿ ಕಡಿದ ಎಳೆಕಾಯಿ ಬಿದ್ದಿದೆಯೇ, ಮಟ್ಟೆಯ ಹಸಿ ಚೂರು ಉದುರಿದೆಯೇ, ಹರಳು ಎಷ್ಟು ಉದುರಿವೆ ಎಂದು ಕಾಲಿನಿಂದ ಸರಿಸಿ ನೋಡುವಳು. ಹರಳು ಎಂದರೆ ನಿಂಬೆಹಣ್ಣಿನಷ್ಟೂ ಆಗದೆ ಉದುರಿಹೋದ ಕಾಯಿ. "ಮೇಲೆ ಏನಾಗ್ತೈತೆ ಅಂತ ಕೆಳಗೆ ಬರ್ದಿರ್ತದೆ" ಎನ್ನುತ್ತಿದ್ದಳು. ಅವಳು ಕೂರಿಸಿದ ಮರದಿಂದ ಏನೂ ಬಿದ್ದದ್ದಿಲ್ಲ. ಬೇಡವೆಂದ ಮರದಿಂದ ಬಿದ್ದದ್ದನ್ನು ನಾನೇ ನೋಡಿದ್ದೇನೆ.

ಅಲ್ಲಿಯೂ ಹಾಗೆಯೇ ಮಾಡಿದಳು. ನಾಲ್ಕೈದು ಮರ ಬಿಟ್ಟು, ಹುಲ್ಲುಹಾಸಿನ ಅಂಚಿನ ಒಂದು ಮರದ ಕೆಳಗೆ ನಿಂತಳು. ನೆಲ ಅಂಗಳದಂತೆ ಚೊಕ್ಕಟವಾಗಿತ್ತು. ಒಂದು ಹರಳಿಲ್ಲ, ಒಂದು ಕಡ್ಡಿಯಿಲ್ಲ.

"ಇದು ಒಳ್ಳೆ ಮರ," ಎಂದಳು. "ಹಾಸ್ರೇ ಇಲ್ಲಿ."

ಅಮ್ಮ ಚಿಕ್ಕನಾಯಕನಹಳ್ಳಿ ಕಡೆಯವಳು, ಕುರಿ ಮತ್ತು ರಾಗಿಯ ಸೀಮೆಯಿಂದ ಬಂದವಳು. ಮನೆಯಿಂದ ತಂದಿದ್ದ ಹೊದಿಕೆ ಹಾಸುತ್ತ, "ನಮ್ಮೂರಲ್ಲಾದ್ರೆ ಬೇವಿನ ಮರದ ಕೆಳಗೆ ಕೂರ್ತೀವಿ ಅತ್ತೆ. ಬಿದ್ರೆ ಎಲೆ ಬೀಳ್ತದೆ," ಎಂದಳು.

"ಎಲೆ ತಿಂದೇ ಹಿಂಗೆ ಕಹಿ ಮಾತು ಕಲ್ತಿದೀಯ," ಎಂದಳು ಅಜ್ಜಿ. ಇಬ್ಬರೂ ನಕ್ಕರು.

ರೊಟ್ಟಿ ತಿಂದೆವು. ಹುಚ್ಚೆಳ್ಳು ಚಟ್ನಿಯಿಂದ ಸವಿತಳ ಹಲ್ಲೆಲ್ಲ ಕಪ್ಪಾಯಿತು. ಅಜ್ಜಿ ದಾರಿಯಲ್ಲಿ ಎತ್ತಿಕೊಂಡಿದ್ದ ಒಂದು ಗರಿಯ ಎಸಳು ಸೀಳಿ, ಮಡಿಸಿ, ಅದರದೇ ಕಡ್ಡಿಗೆ ಚುಚ್ಚಿ ಗಾಳಿಗೆ ತಿರುಗುವ ಗಿರಿಗಿಟ್ಲೆಯೊಂದನ್ನು ನನಗೆ ಮಾಡಿಕೊಟ್ಟಳು. ಸವಿತಳಿಗೂ ಮಾಡಲು ಇನ್ನೊಂದು ಎಸಳು ಹುಡುಕಿದಳು, ಸಿಗಲಿಲ್ಲ. ತರುತ್ತೇನೆಂದು ಎದ್ದು ಹೋದಳು. ಅಪ್ಪ ಗಡಿಯಾರ ನೋಡಲು ಹೋಗಿದ್ದ. ಅಮ್ಮ ಹತ್ತು ಹೆಜ್ಜೆ ದೂರದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಹೊದಿಕೆಯ ಮೇಲೆ ಉಳಿದವರು ನಾವಿಬ್ಬರೇ. ಸವಿತ ಮರಕ್ಕೆ ಹತ್ತಿರದ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ನಾನು ಎದುರಿನ ಮೂಲೆಯಲ್ಲಿದ್ದೆ.

ಇನ್ನು ಮುಂದಿನದನ್ನು ನಾನು ನಿಧಾನವಾಗಿ ಹೇಳಬೇಕು.

ಸವಿತ ನನ್ನ ಗಿರಿಗಿಟ್ಲೆ ಕಿತ್ತುಕೊಂಡಳು. ನಾನು ಕೇಳಿದೆ, ಕೊಡಲಿಲ್ಲ. ಅವಳ ಬಲಗಡೆಯ ಜಡೆ ಹಿಡಿದು ಎಳೆದೆ, ಜೋರಾಗಿಯೇ ಎಳೆದೆ. ಅವಳು ಕಿರುಚಿ, ಗಿರಿಗಿಟ್ಲೆ ಬಿಸಾಕಿ, ಅಳುತ್ತ ಅಮ್ಮನ ಕಡೆಗೆ ಓಡಿದಳು. ಅವಳು ಮತ್ತೆ ಬಂದು ಅಲ್ಲಿ ಕೂರಬಾರದೆಂದು ನಾನು ಕ್ಯಾರಿಯರನ್ನು ಎತ್ತಿ ಅವಳು ಕೂತಿದ್ದ ಜಾಗದಲ್ಲಿ ಇಟ್ಟೆ. ಇಟ್ಟು ನನ್ನ ಮೂಲೆಗೆ ಬಂದು ಕೂತೆ. ಹತ್ತು ಎಣಿಸುವಷ್ಟು ಹೊತ್ತಾಗಿರಬಹುದು.

ಶಬ್ದ ಮೊದಲು ಕೇಳಿತೋ, ಕಾಯಿ ಮೊದಲು ಕಂಡಿತೋ ಎಂದು ನೆನಪು ಮಾಡಿಕೊಳ್ಳಲು ಹಲವು ಸಲ ಯತ್ನಿಸಿದ್ದೇನೆ. ಗೊತ್ತಾಗುವುದಿಲ್ಲ. ನೆನಪಿರುವುದು ಇಷ್ಟು. ಕ್ಯಾರಿಯರಿನ ಮೇಲಿನ ಡಬ್ಬಿ ಒಳಕ್ಕೆ ಕುಸಿಯಿತು. ಚಟ್ನಿಯ ಡಬ್ಬಿ ಬಾಯಿ ಬಿಟ್ಟು ನನ್ನ ಲಂಗದವರೆಗೂ ಕಪ್ಪಗೆ ಹಾರಿತು. ಒಂದು ಹಸಿರು ಎಳೆಕಾಯಿ ಹುಲ್ಲಿನ ಮೇಲೆ ಉರುಳುತ್ತಿತ್ತು, ಅದರಿಂದ ನೀರು ಚಿಮ್ಮುತ್ತಿತ್ತು. ಹುರಿಗಡಲೆ ಹೊದಿಕೆಯ ತುಂಬ ಚೆಲ್ಲಿತ್ತು. ನಲ್ಲಿಯ ನೀರು ಬೀಳುವುದು ಮಾತ್ರ ಕೇಳಿಸುತ್ತಿತ್ತು.

ಅಮ್ಮ ಸವಿತಳನ್ನು ಎತ್ತಿಕೊಂಡೇ ಓಡಿಬಂದು ಇನ್ನೊಂದು ಕೈಯಲ್ಲಿ ನನ್ನ ತಲೆ, ಭುಜ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಅಪ್ಪ ಬಂದ. ಕೊನೆಗೆ ಬಂದವಳು ಅಜ್ಜಿ, ಕೈಯಲ್ಲಿ ಒಂದು ಎಸಳು ಹಿಡಿದು. ಅವಳು ನಮ್ಮನ್ನು ನೋಡಿದಳು, ಕ್ಯಾರಿಯರ್ ನೋಡಿದಳು, ಆಮೇಲೆ ಮೇಲೆ ನೋಡಿದಳು.

"ಮಗ ಇಲ್ಲೇ ಅಲ್ವಾ ಕೂತಿದ್ದಿದ್ದು," ಎಂದಳು ಸವಿತಳ ಕಡೆ ನೋಡಿ.

ಅಮ್ಮ ಬೇವಿನ ಮಾತನ್ನು ಎತ್ತಲಿಲ್ಲ. ಆಗಲೂ ಎತ್ತಲಿಲ್ಲ, ಮುಂದೆ ಎಂದೂ ಎತ್ತಲಿಲ್ಲ.

ಅಜ್ಜಿ ನೆಲದ ಮೇಲೆ ಕೂತು ಆ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡಳು. ತೊಟ್ಟಿನ ಪಕ್ಕದಲ್ಲಿ ಎರಡು ಬೆರಳು ಹೋಗುವಷ್ಟು ತೂತಿತ್ತು. ಅಂಚಿನಲ್ಲಿ ಹಲ್ಲಿನ ಗುರುತು. "ಇಲಿ," ಎಂದಳು. "ಇಲಿ ಹತ್ತಿರೋ ಮರ. ನೆಲ ನೋಡ್ದೆ ಕಣ್ಲಾ ನಾನು. ಏನೂ ಇರ್ಲಿಲ್ಲ. ಸತ್ಯವಾಗ್ಲೂ ಏನೂ ಇರ್ಲಿಲ್ಲ."

"ಆಯ್ತು ಕಣವ್ವ. ಯಾರಿಗೂ ಏನೂ ಆಗಿಲ್ವಲ್ಲ," ಎಂದ ಅಪ್ಪ.

"ಮನೆಗೆ ನಡೀರಿ," ಎಂದಳು ಅಜ್ಜಿ. "ನನ್ನ ಕಣ್ಣು ಹೋಯ್ತು. ಇನ್ನು ಯಾವ ಮರದ ಕೆಳಗೂ ನಾನು ಮಕ್ಕಳನ್ನ ಕೂರಿಸಾಕಿಲ್ಲ."

ಅಪ್ಪ ಕೋಣೆಗಳ ಕಡೆ ಒಮ್ಮೆ ನೋಡಿದ. ಆಮೇಲೆ ಬಗ್ಗಿ ಹೊದಿಕೆ ಮಡಿಸತೊಡಗಿದ. ಅವನು ಎಂಥ ಬಟ್ಟೆಯನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ. ಅಂದು ಎರಡು ಸಲ ತಪ್ಪಿತು.

ಶಬ್ದ ಕೇಳಿ ಮ್ಯಾನೇಜರು ಬಂದರು. ಅವರ ಹಿಂದೆ ಪೊರಕೆ ಹಿಡಿದ ಒಬ್ಬಳು ಹೆಂಗಸು, ಅಲ್ಲಿ ಗುಡಿಸುವ ಜಯಮ್ಮ. ಅಜ್ಜಿಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಅವಳು ಕಾಯಿಯ ತೂತು ನೋಡಿದವಳೇ ಬಾಯಿಗೆ ಸೆರಗು ಇಟ್ಟುಕೊಂಡಳು.

"ಬೆಳಗ್ಗೆ ಇಂಥವೇ ಎರಡು ಬಿದ್ದಿದ್ವು ಇಲ್ಲಿ," ಎಂದಳು. "ಆರು ಗಂಟೆಗೇ ಗುಡಿಸಿ ಗುಂಡಿಗೆ ಹಾಕ್ಬುಟ್ಟೆ."

ಅಜ್ಜಿ ತಲೆಯೆತ್ತಿದಳು. "ಗುಡಿಸಿದ್ದಾ?"

"ದಿನಾ ಗುಡಿಸ್ತೀನಿ ಕಣಕ್ಕ. ಒಂದು ಕಡ್ಡಿ ಕಾಣಬಾರದು ಅಂತವ್ರೆ."

ಮ್ಯಾನೇಜರಿಗೆ ಸಿಟ್ಟು ಬಂತು. "ಬಿದ್ದಿದ್ದನ್ನ ನೋಡಿದ ಮೇಲೆ ಹೇಳಬಾರದಾ ಜಯಮ್ಮ? ಮಗುವಿಗೆ ಏನಾದ್ರೂ ಆಗಿದ್ರೆ?" ಎಂದು ದನಿ ಏರಿಸಿದರು. ಜಯಮ್ಮ ಪೊರಕೆಯ ಹಿಡಿಯನ್ನು ತಿರುಗಿಸುತ್ತ ನಿಂತಳು.

ಅಜ್ಜಿ ಎದ್ದು ಸೀರೆಯ ಹುಡಿ ಕೊಡವಿಕೊಂಡಳು. "ಅವಳನ್ನ ಬಯ್ಯಬ್ಯಾಡಿ ಸ್ವಾಮಿ. ಗುಡಿಸು ಅಂದ್ರಿ, ಗುಡಿಸವ್ಳೆ. ತಪ್ಪು ನಂದು. ನಾನು ಮೇಲೆ ನೋಡಲಿಲ್ಲ. ತೋಟದೋಳಾಗಿ ನಾನು ಮೇಲೆ ನೋಡಲಿಲ್ಲ."

ಅಜ್ಜಿ ತನ್ನ ತಪ್ಪು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ಗುರುತಿಲ್ಲದವರ ಎದುರಿಗೆ. ನನ್ನ ತಪ್ಪೂ ಒಂದಿತ್ತು, ಅದನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆದೇವರು ಕಾಯ್ದ ಎಂದು ಅಮ್ಮ ಸವಿತಳ ಕೆನ್ನೆಗೆ ಕೆನ್ನೆ ಒತ್ತಿದಾಗಲೂ ಸುಮ್ಮನಿದ್ದೆ.

ಆಮೇಲೆ ನಡೆದದ್ದನ್ನು ಅಪ್ಪ ನಿರೀಕ್ಷಿಸಿರಲಿಲ್ಲ. ಅಜ್ಜಿ ಜಯಮ್ಮನ ಕಡೆ ತಿರುಗಿ, "ಎಷ್ಟು ಮರ ಅವೆ, ಜನ ಕೂರೋ ಕಡೆ?" ಎಂದಳು.

"ಎಣಿಸಿಲ್ಲ ಕಣಕ್ಕ. ಮೂವತ್ತು ಇರಬೋದು."

"ನಡಿ ನೋಡಾನ. ಇವತ್ತು ನಮ್ಮ ಮಗ. ನಾಳೆ ಇನ್ಯಾರ ಮಗವೋ."

ಹೀಗೆ ಮನೆಗೆ ಹೋಗುವ ಮಾತು ಅಲ್ಲಿಗೆ ನಿಂತಿತು. ಇಬ್ಬರೂ ಮರದಿಂದ ಮರಕ್ಕೆ ಹೋದರು. ನಾನು ಹಿಂದೆ ಹಿಂದೆ ಹೋದೆ. ಅಜ್ಜಿ ಈ ಸಲ ನೆಲ ನೋಡಲಿಲ್ಲ. ಕಾಂಡಕ್ಕೆ ಬೆನ್ನು ಕೊಟ್ಟು, ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಬಹಳ ಹೊತ್ತು ಮೇಲೆ ನೋಡುವಳು. ಆಮೇಲೆ ಒಂದಿಷ್ಟು ದೂರ ಸರಿದು ಇನ್ನೊಂದು ಮಗ್ಗುಲಿಂದ ನೋಡುವಳು. ಕಾಂಡದ ಮೇಲೆ ಕೈಯಾಡಿಸಿ ಇಲಿ ಹತ್ತಿದ ಗೀರು ಹುಡುಕುವಳು. ಜಯಮ್ಮ ಯಾವ ಮರದ ಕೆಳಗೆ ಬೆಳಗ್ಗೆ ಏನು ಸಿಕ್ಕಿತ್ತೆಂದು ನೆನೆಸಿಕೊಂಡು ಹೇಳುವಳು. ಕೆಟ್ಟ ಮರಕ್ಕೆ ಅಜ್ಜಿ ಒಂದು ಹಸಿ ಎಸಳನ್ನು ಸುತ್ತಿ ಗಂಟು ಹಾಕುವಳು. ಸವಿತಳಿಗೆ ಗಿರಿಗಿಟ್ಲೆ ಮಾಡಲು ತಂದಿದ್ದ ಎಸಳು ನಮ್ಮ ಮರಕ್ಕೇ ಹೋಯಿತು, ಮೊದಲ ಗಂಟಾಗಿ.

"ಗಂಟು ಇರೋ ಕಡೆ ಯಾರನ್ನೂ ಕೂರಿಸಬ್ಯಾಡ. ಕಾಯಿ ಇಳಿಸಿದ ಮೇಲೆ ಬಿಚ್ಚು. ಇನ್ನೊಂದು ಮಾತು ಜಯಮ್ಮ, ಗುಡ್ಸೋಕೆ ಮುಂಚೆ ಒಂದ್ಗಳಿಗೆ ನಿಂತು ನೋಡು. ಅದೇನು ಕಸ ಅಲ್ಲ."

"ಹೂಂ ಕಣಕ್ಕ. ನಿಮ್ಮ ಹೆಸ್ರೇನು?"

"ಹೆಸ್ರು ಕಟ್ಕೊಂಡು ಏನ್ಮಾಡೀಯ. ಎಲೆ ಅಡಿಕೆ ಹಾಕ್ತೀಯೇನು?"

ಒಂದು ಗಂಟೆಗೆ ಅಪ್ಪ ಬಂದ. "ಅವ್ವ, ರೂಮು ರೆಡಿ."

"ಇನ್ನೂ ಹದಿನಾಕು ಮರ ಅವೆ, ಬುಡು."

ಎರಡು ಗಂಟೆಗೆ ಮತ್ತೆ ಬಂದ. ಅಜ್ಜಿ ಮತ್ತು ಜಯಮ್ಮ ಈಜುಕೊಳದ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡು, ಅಜ್ಜಿಯ ಕೈಚೀಲದ ಕಾಯಿಗಳಲ್ಲಿ ಎರಡನ್ನು ಜಯಮ್ಮನಿಗೆ ಕೊಡುವ ಬಗ್ಗೆ ವಾದಿಸುತ್ತಿದ್ದರು. ಚೀಟಿ ತೋರಿಸಿ ಚೀಲ ಬಿಡಿಸಿಕೊಂಡು ಬರುವ ಕೆಲಸ ನನ್ನದಾಯಿತು. ಕೊನೆಯ ಮರ ಮುಗಿದಾಗ ಮೂರು ಮುಕ್ಕಾಲು. ಒಟ್ಟು ಏಳು ಗಂಟು.

ಕೋಣೆಗೆ ಬಂದವಳು ಮಂಚದ ಅಂಚಿನಲ್ಲಿ ಕೂತಳು. ದಿಂಬನ್ನು ಎತ್ತಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದು ಮೂಲೆಯಲ್ಲಿ ಉಳಿದಿದ್ದ ದಾರದ ತುದಿಯನ್ನು ಹಲ್ಲಿನಿಂದ ಕಡಿದು ತೆಗೆದಳು. "ಚೆಂದಾಗಿ ಹೊಲ್ದಿದೀಯ ಕಣ್ಲಾ," ಎಂದು ತಲೆಯಿಟ್ಟಳು. ಅಷ್ಟೇ. ಸೆರಗಿಗೆ ಮರದ ಹುಡಿ ಹತ್ತಿತ್ತು, ಕಾಲು ತೊಳೆದಿರಲಿಲ್ಲ. ಬಿಳಿ ಕವರಿಗೆ ಎಲೆ ಅಡಿಕೆಯ ಕೆಂಪು ಒಂದು ಚುಕ್ಕೆಯಷ್ಟು ತಾಗಿತು. ಅಪ್ಪ ಅದನ್ನು ನೋಡಿದ, ಒರೆಸಲಿಲ್ಲ. ಕುರ್ಚಿಯನ್ನು ಸದ್ದಾಗದಂತೆ ಎತ್ತಿ ತಂದು ಮಂಚದ ಪಕ್ಕ ಹಾಕಿ ಕೂತ. ತಾನು ಹೊಲಿದ ಪರದೆಯನ್ನು ಎಳೆದು ಬಿಸಿಲು ಮರೆ ಮಾಡಿದ. ಸವಿತ ಮಾತಾಡಲು ಹೋದರೆ ತುಟಿಯ ಮೇಲೆ ಬೆರಳಿಟ್ಟ. ಅಜ್ಜಿ ದೀಪ ಹಚ್ಚುವ ಹೊತ್ತಿನವರೆಗೆ ನಿದ್ದೆ ಮಾಡಿದಳು.

ಅಜ್ಜಿ ಹೋಗಿ ಆರು ವರ್ಷವಾಯಿತು. ನಜ್ಜುಗುಜ್ಜಾದ ಡಬ್ಬಿ ಅಮ್ಮನ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ. ಮುಚ್ಚಳ ಕೂರುವುದಿಲ್ಲ, ಆದರೂ ಎಸೆದಿಲ್ಲ. ಕಳೆದ ಹಬ್ಬದಲ್ಲಿ ಅದನ್ನು ತೋರಿಸಿ ಸವಿತಳಿಗೆ ನಿಜ ಹೇಳಿದೆ. ನಿನ್ನನ್ನು ಅಲ್ಲಿಂದ ಎಬ್ಬಿಸಿದ್ದು ದೇವರಲ್ಲ, ನನ್ನ ಸಿಟ್ಟು ಎಂದೆ. ಅವಳು ಈಗ ತುಮಕೂರಿನಲ್ಲಿ ನರ್ಸು. ಅವಳಿಗೆ ಕಾಯಿ ಬಿದ್ದದ್ದು ನೆನಪೇ ಇಲ್ಲ.

"ಜಡೆ ಎಳೆದಿದ್ದು ಗೊತ್ತು," ಎಂದಳು. "ಎಂಥಾ ನೋವಾಗಿತ್ತು ಗೊತ್ತೇನೆ!"

ನಾನಿರುವುದು ತಿಪಟೂರಿನಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಅಂಗಳದಲ್ಲಿ ಎರಡು ತೆಂಗಿನ ಮರಗಳಿವೆ. ನನ್ನ ಮಗಳು ಅಲ್ಲೇ ಆಡುತ್ತಾಳೆ. ನಾನು ಏಳುವಷ್ಟರಲ್ಲಿ ನೆಲ ಗುಡಿಸಿಯಾಗಿರುತ್ತದೆ. ಅದಕ್ಕೇ ಗುಡಿಸುವ ಹೆಂಗಸನ್ನು ದಿನವೂ ಮೇಲಿನಿಂದ ಕೂಗಿ ಕೇಳುತ್ತೇನೆ, ಇವತ್ತು ಏನು ಬಿದ್ದಿತ್ತು ಎಂದು. ಅವಳಿಗೆ ಇದೊಂದು ತಮಾಷೆ.

"ಏನಿಲ್ಲ ಕಣಕ್ಕ, ಎರಡು ಹರಳು," ಎಂದಳು ಇವತ್ತು ಬೆಳಗ್ಗೆ.

ಎರಡು ಹರಳು ಎಂದರೆ ಕಡಿಮೆಯೋ ಹೆಚ್ಚೋ ನನಗೆ ತಿಳಿಯಲಿಲ್ಲ. ಕೆಳಗಿಳಿದು, ಕಣ್ಣಿಗೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ಮೇಲೆ ನೋಡಿದೆ. ಗರಿಗಳು ಕಂಡವು, ಗೊನೆಗಳು ಕಂಡವು. ಮಗಳನ್ನು ಕರೆದು, ಗೋಡೆಯ ಪಕ್ಕ ಆಡಿಕೋ ಎಂದೆ.